ಅಪ್ಪನ ಸೊಂಟಕ್ಕೆ ಸ್ಕೂಲ್ ಬೆಲ್ಟು

"ಕೈ! ಅಪ್ಪಾ, ಕೈ!" ಎಂದು ಮುನಿಲಕ್ಷ್ಮಿ ಕೂಗಿದಳು.

ಅಪ್ಪ ನಂಜಪ್ಪ ಬೆಂಕಿ ಮುಟ್ಟಿದವನಂತೆ ಸೊಂಟದಿಂದ ಕೈ ಕಿತ್ತುಕೊಂಡ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುತ್ತರಾಯಪ್ಪ ತಾತ ನಗುತ್ತಾ ಮತ್ತೆ ಬೀದಿಗೆ ಇಳಿದರು. ಇಂಟರ್‌ವ್ಯೂ ಅಭ್ಯಾಸಕ್ಕೆಂದು ಬೆಳಗಿನಿಂದ ತಾತ ಆರು ಸಲ ಮ್ಯಾನೇಜರ್ ಆಗಿ ಒಳಗೆ ಬಂದಿದ್ದರು. ಆರು ಸಲವೂ ಅಪ್ಪನ ಕೈ ಸೊಂಟಕ್ಕೇ ಹೋಗಿತ್ತು.

ವಿಷಯ ಇಷ್ಟೇ. ಅಪ್ಪ ಮೀಸೆ ಬಂದಾಗಿನಿಂದ ಪಂಚೆಯವನು. ನಡೆಯುವಾಗ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುವುದು, ದೊಡ್ಡವರು ಎದುರಾದರೆ ತಟಕ್ಕನೆ ಬಿಚ್ಚಿ ಕೆಳಗಿಳಿಸುವುದು. ಇವತ್ತು ಹಾಕಿರುವುದು ಪ್ಯಾಂಟು ಅಂತ ಅಪ್ಪನಿಗೆ ಗೊತ್ತು. ಆದರೆ ಕೈ ಕೇಳಬೇಕಲ್ಲ!

"ಪ್ಯಾಂಟಲ್ಲಿ ಇಳಿಸಕ್ಕೆ ಏನೈತಪ್ಪಾ? ಕೆಟ್ಟ ಅಭ್ಯಾಸ ನಿಂದು!"

"ನಾನೆಲ್ಲಿ ಮಾಡ್ತೀನಮ್ಮಿ? ಅದೇ ಹೋಗ್ಬುಡ್ತೈತೆ."

ಪಂಚೆ ಉಟ್ಟೇ ಹೋಗಬಾರದಿತ್ತಾ ಅಂತೀರಾ? ಹೋಗಿದ್ದನಲ್ಲ! ಹೋದ ತಿಂಗಳು ಬೇರೊಂದು ಕಂಪನಿಯ ಇಂಟರ್‌ವ್ಯೂಗೆ ಬಿಳಿ ಪಂಚೆಯಲ್ಲಿ ಹೋದರೆ, ಗೇಟಿನ ಸೆಕ್ಯುರಿಟಿಯವನು "ಲೋಡಿಂಗ್ ಗೇಟು ಆ ಕಡೆ" ಎಂದು ಕೈ ತೋರಿಸಿಬಿಟ್ಟಿದ್ದ. ಅಪ್ಪ ಮನೆಗೆ ಬಂದು ಗೋಡೆ ನೋಡುತ್ತಾ ಕೂತಿದ್ದ.

ಈಗ ತಮಿಳು ಸೀಮೆಯ ಸೂಳಗಿರಿ ಹತ್ತಿರದ ಹೊಸ ಕಂಪನಿಗೆ ಆಫೀಸ್ ಅಸಿಸ್ಟೆಂಟ್ ಬೇಕಂತೆ. ಫೈಲು ಎತ್ತಿಡೋದು, ಬಂದವರನ್ನು ಮಾತಾಡಿಸಿ ಕೂರಿಸೋದು. ಸಂಜೆ ಆರಕ್ಕೆಲ್ಲ ಮನೆ. ಮುನಿಲಕ್ಷ್ಮಿಗೆ ಬೇಕಾಗಿದ್ದದ್ದೇ ಈ ಸಂಜೆ ಆರು ಗಂಟೆ. ಅಪ್ಪ ಟೊಮೆಟೊ ಲಾರಿ ಹತ್ತಿ ಚೆನ್ನೈಗೆ ಹೊರಟನೆಂದರೆ ವಾರದಲ್ಲಿ ನಾಲ್ಕು ದಿನ ಅವನ ಮುಖ ಕಾಣುತ್ತಿರಲಿಲ್ಲ. ಅವಳು ಸ್ಕೂಲ್ ಡೇಯಲ್ಲಿ ಡ್ಯಾನ್ಸ್ ಮಾಡಿದ್ದನ್ನು ಇಡೀ ಊರು ನೋಡಿತ್ತು, ಅಪ್ಪ ಮಾತ್ರ ನೋಡಿರಲಿಲ್ಲ.

ಪ್ಯಾಂಟು ದೇವರಾಜು ಮಾಮನದು. ಮಾಮನ ಹೊಟ್ಟೆಯೋ, ಗುಡಾಣ! ಆ ಪ್ಯಾಂಟಿನಲ್ಲಿ ಅಪ್ಪನಂಥವರು ಇಬ್ಬರು ಆರಾಮಾಗಿ ನಿಲ್ಲಬಹುದಿತ್ತು. ಅಮ್ಮ ಹಸುವಿನ ಹಗ್ಗ ತಂದು ಬಿಗಿಯಾಗಿ ಕಟ್ಟಿದ್ದಳು.

"ಅಯ್ಯೋ, ಹಗ್ಗ ಬಾಲದಂಗೆ ನೇತಾಡ್ತೈತಮ್ಮಾ!" ಎಂದ ಮುನಿಲಕ್ಷ್ಮಿ ಒಳಗೆ ಓಡಿ ತನ್ನ ಸ್ಕೂಲ್ ಬೆಲ್ಟು ತಂದಳು. ನೀಲಿ ಎಲಾಸ್ಟಿಕ್ಕು, ಮುಂದೆ ಕೊಕ್ಕೆ, ಕೊಕ್ಕೆಯ ಮೇಲೆ ಸ್ಕೂಲಿನ ಹೆಸರು. ಅಪ್ಪ ಉಸಿರು ಎಳೆದುಕೊಂಡ. ಬೆಲ್ಟು ಹಿಗ್ಗಿ, ಹಿಗ್ಗಿ, ಕೊನೆಗೆ ಟಕ್ಕೆಂದು ಕೂತಿತು.

"ಶರ್ಟು ಹೊರಗೆ ಬಿಡು, ಯಾರಿಗೂ ಕಾಣಕಿಲ್ಲ," ಎಂದಳು ಅಮ್ಮ. "ಇವತ್ತು ಶನಿವಾರ ಅಲ್ವೇನಮ್ಮಿ, ನೀನೂ ಹೋಗು. ತಮಿಳಲ್ಲಿ ಫಾರಂ ಕೊಟ್ರೆ ಓದು. ನಿಮ್ಮಪ್ಪನ ಕೈ ಮೇಲೆ ಒಂದು ಕಣ್ಣಿಡು."

ಆಫೀಸಿನ ಹಾಲಿನಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಎಲ್ಲರದೂ ಇಸ್ತ್ರಿ ಶರ್ಟು, ಮಿರಿಮಿರಿ ಶೂ. ಎಲ್ಲರ ಕಣ್ಣೂ ಮೊಬೈಲಿನಲ್ಲಿ. ಅಪ್ಪ ಕುರ್ಚಿಯ ತುದಿಯಲ್ಲಿ ಕೂತ. ಮುನಿಲಕ್ಷ್ಮಿ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನು ಅದು ಎಲ್ಲಿಗೆ ಹೋಗುತ್ತೆ ನೋಡೋಣ!

ಆದರೆ ತಲೆಯ ಮೇಲೆ ಏಸಿ ಇತ್ತು.

"ಆಕ್ಷೀ!"

ಮೂಗು ಮುಚ್ಚಲು ಅವಳು ಕೈ ಬಿಟ್ಟಳು. ಸರಿಯಾಗಿ ಆಗಲೇ ಬಾಗಿಲು ತೆರೆಯಿತು. ಬಿಳಿ ಕೂದಲಿನ ಮ್ಯಾನೇಜರ್ ಮೇಡಂ ಒಳಗೆ ಬಂದರು. ಯಾರೂ ತಲೆ ಎತ್ತಲಿಲ್ಲ. ಅಪ್ಪ ಒಬ್ಬನೇ ದಡಬಡ ಎದ್ದು ನಿಂತ. ಕೈ ಸೊಂಟಕ್ಕೆ ಹೋಯಿತು.

ಟಕ್!

ಕೊಕ್ಕೆ ಬಿಟ್ಟಿತು. ಬೆಲ್ಟು ಚಿಮ್ಮಿ ಹೋಗಿ ಮೇಡಂ ಕಾಲ ಬಳಿ ಬಿತ್ತು. ಪ್ಯಾಂಟು ಸರ್ರನೆ ಮೊಣಕಾಲಿಗೆ ಇಳಿಯಿತು. ಹಸಿರು ಕೆಂಪು ಗೆರೆಯ ಪಟಾಪಟಿ ಚಡ್ಡಿ ಇಡೀ ಆಫೀಸಿಗೆ ದರ್ಶನ ಕೊಟ್ಟಿತು.

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಪ್ಯಾಂಟು ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದು ನಿಂತ. ಮೇಡಂ ಬೆಲ್ಟು ಎತ್ತಿ ಸ್ಕೂಲಿನ ಹೆಸರು ಓದಿದರು.

"ಎನ್ನಾಚು? ಏನಾಯಿತು? ಇದು ಯಾರದು?" ಎಂದು ತಮಿಳಿನಲ್ಲಿ ಕೇಳಿದರು.

ಅಪ್ಪ ಬಾಗಿಲಿನ ಕಡೆ ನೋಡಿದ. ಅವತ್ತು ಗೋಡೆ ನೋಡುತ್ತಾ ಕೂತಿದ್ದನಲ್ಲ, ಅದೇ ಮುಖ. ಇನ್ನೊಂದು ನಿಮಿಷಕ್ಕೆ ಹೊರಟೇ ಬಿಡುತ್ತಾನೆ. ಸಂಜೆ ಆರು ಗಂಟೆಯೂ ಹೊರಟು ಹೋಗುತ್ತೆ!

"ನನ್ನದು ಮೇಡಂ," ಎಂದು ಅವಳು ತಮಿಳಿನಲ್ಲೇ ಹೇಳಿದಳು. "ಅಪ್ಪ ಬೇಕು ಅಂತ ಬಿಚ್ಚಿಲ್ಲ. ಅವನು ದಿನಾ ಪಂಚೆ ಉಡೋದು. ದೊಡ್ಡವರು ಬಂದರೆ ಎತ್ತಿ ಕಟ್ಟಿದ ಪಂಚೆ ಇಳಿಸಬೇಕು. ಇಳಿಸದೇ ಇದ್ದರೆ..."

ಇಳಿಸದೇ ಇದ್ದರೆ ಏನು? ಅವಳು ಯೋಚಿಸಿಯೇ ಇರಲಿಲ್ಲ. ಅಪ್ಪ ಮುತ್ತರಾಯಪ್ಪ ತಾತನಿಗೆ ಇಳಿಸುತ್ತಾನೆ. ಅವಳ ಟೀಚರಿಗೆ ಇಳಿಸುತ್ತಾನೆ. ತಲೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬರುವ ರಾಮಕ್ಕಜ್ಜಿಗೂ ಇಳಿಸುತ್ತಾನೆ. ಅಜ್ಜಿ ಆಗೆಲ್ಲ "ಚೆನ್ನಾಗಿದ್ದೀಯೇನಪ್ಪಾ ನಂಜಪ್ಪಾ" ಎಂದು ನಿಂತು ಮಾತಾಡಿಸಿ ಹೋಗುತ್ತಾಳೆ.

"ಇಳಿಸದೇ ಇದ್ದರೆ, ಅವರನ್ನ ನೋಡಿದರೂ ನೋಡದ ಹಾಗೆ ಆಗುತ್ತೆ ಮೇಡಂ."

ನಗು ನಿಂತಿತು. ಮೇಡಂ ಒಂದು ಸಲ ಸುತ್ತಲೂ ಕಣ್ಣಾಡಿಸಿದರು. ಒಂದೊಂದೇ ಮೊಬೈಲು ಜೇಬಿಗೆ ಇಳಿಯಿತು.

"ಒಳಗೆ ಬನ್ನಿ," ಎಂದರು ಅಪ್ಪನಿಗೆ. "ಮೊದಲು ಬೆಲ್ಟು ಹಾಕಿಕೊಳ್ಳಿ."

ಕಾಲು ಗಂಟೆ ಕಳೆದು ಅಪ್ಪ ಹೊರಗೆ ಬಂದ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಗೇಟು ದಾಟಿದ ಮೇಲೆ ಬಾಯಿ ಬಿಟ್ಟ.

"ಸೋಮವಾರದಿಂದ ಬಾ ಅಂದ್ರು ಮಗಾ. ಯೂನಿಫಾರಂ ಅವರೇ ಕೊಡ್ತಾರಂತೆ."

"ಬೆಲ್ಟು?"

"ಬೆಲ್ಟು ಫಸ್ಟು ಕೊಡ್ತೀವಿ ಅಂದ್ರು!"

ಇಬ್ಬರೂ ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕರು.

ಊರಿನ ಸ್ಟಾಪಿನಲ್ಲಿ ಬಸ್ಸಿಳಿದ ಅಪ್ಪ ಅಂಗಡಿಯ ಹಿಂದೆ ಹೋಗಿ, ಚೀಲದಲ್ಲಿದ್ದ ಪಂಚೆ ಉಟ್ಟು, ಎತ್ತಿ ಕಟ್ಟಿ, ಹಾಯಾಗಿ ಉಸಿರು ಬಿಟ್ಟ. ದಾರಿಯ ತುಂಬ ನಿನ್ನೆಯ ಮಳೆಯ ಕೆಸರು. ಮುನಿಲಕ್ಷ್ಮಿಯೂ ಉದ್ದ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗುಂಡಿಯಿಂದ ಗುಂಡಿಗೆ ನೆಗೆಯುತ್ತಾ ನಡೆದಳು.

ತಿರುವಿನಲ್ಲಿ ಮುತ್ತರಾಯಪ್ಪ ತಾತ ಕೋಲೂರಿಕೊಂಡು ಎದುರಿಗೆ ಬಂದರು. ಅಪ್ಪನ ಕೈ ಸೊಂಟಕ್ಕೆ ಹೋಯಿತು.

'ಕೈ!' ಎನ್ನಲು ಮುನಿಲಕ್ಷ್ಮಿ ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡಳು.

"ಏನಾಯ್ತ್ಲಾ ನಂಜಪ್ಪಾ?" ಎಂದರು ತಾತ.

ಅವಳು ನೆಗೆಯುವುದನ್ನು ನಿಲ್ಲಿಸಿದಳು. ಸಿಕ್ಕಿಸಿದ್ದ ಲಂಗವನ್ನು ಮೆಲ್ಲಗೆ ಕೆಳಗಿಳಿಸಿದಳು. ಅಂಚು ಕೆಸರಿಗೆ ತಾಗಿತು, ತಾಗಲಿ.

"ಸೋಮವಾರದಿಂದ ಕೆಲ್ಸ, ತಾತ," ಎಂದಳು.