ಮೂವತ್ತೇಳನೇ ಹೆಸರು

2009ರ ಮಾರ್ಚ್ 17, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಎನ್. ಬೇಗೂರಿನ ಜವರಯ್ಯ ಹೆಗ್ಗಡದೇವನಕೋಟೆ ಠಾಣೆಯ ಜಗುಲಿಯಲ್ಲಿ ಒಂದು ಗಂಟೆಯಿಂದ ಕೂತಿದ್ದ. ಅರವತ್ತೆಂಟು ವರ್ಷ, ಎರಡೂ ಕಣ್ಣಿಗೆ ಪೊರೆ. ಪಟ್ಟಣದ ಖಾಸಗಿ ಟ್ರಸ್ಟೊಂದು ತಿಂಗಳಿಗೆ ನಲವತ್ತು ಜನರನ್ನು ಮೈಸೂರಿಗೆ ಕರೆದೊಯ್ದು ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿಸುತ್ತಿತ್ತು. ಈ ತಿಂಗಳ ಪಟ್ಟಿಯಲ್ಲಿ ಜವರಯ್ಯ ಮೂವತ್ತೇಳನೆಯವನು. ಸೋಮವಾರ ಬಸ್ಸು ಅವನನ್ನು ಬಿಟ್ಟು ಹೋಗಿತ್ತು.

"ಚೀಟಿ ಕೊಟ್ಟವ್ರೆ ಸ್ವಾಮಿ, ನೋಡಿ. ಈಗ ನಿನ್ನ ಎಸ್ರೇ ಇಲ್ಲ ಅಂತಾರೆ."

ಇನ್ಸ್‌ಪೆಕ್ಟರ್ ಶಿವಶಂಕರ ಅವರ ಮೇಜಿನ ಮೇಲೆ ಮೂರು ಮರಗಳ್ಳತನದ ಕಡತಗಳು ಬಿದ್ದಿದ್ದವು. ಇದಕ್ಕೂ ನಾನೇ ಬೇಕೇ ಎಂದು ಅವರಿಗೆ ಬೇಸರವಾಯಿತು. ಆದರೆ ಚೀಟಿಯನ್ನು ಜೇಬಿಗೆ ಇಟ್ಟುಕೊಳ್ಳಲು ಮುದುಕ ಜೇಬಿಗಾಗಿ ತಡಕಾಡುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಮೋಸ, ಖೊಟ್ಟಿ ದಾಖಲೆ ಎಂದು ಎಫ್‌ಐಆರ್ ದಾಖಲಾಯಿತು.

ಟ್ರಸ್ಟಿನ ಆಫೀಸಿನಲ್ಲಿ ಮ್ಯಾನೇಜರ್ ಗೋವಿಂದಯ್ಯ ಶಿವಶಂಕರ ಅವರ ಮುಂದೆ ಕಡತ ತೆಗೆದರು. ಹನ್ನೊಂದನೇ ತಾರೀಕು ಅವರು ರುಜು ಹಾಕಿದ ಪ್ರತಿಯಲ್ಲಿ ಜವರಯ್ಯನ ಹೆಸರಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಅದೇ ಜಾಗದಲ್ಲಿ 'ರಾಮಮ್ಮ, 71, ಸಾಲಿಗ್ರಾಮ' ಎಂದಿತ್ತು. ಬಸ್ಸು ಹತ್ತಿಸಿದ್ದು ಕಂಪ್ಯೂಟರಿನ ಪಟ್ಟಿ ನೋಡಿಕೊಂಡು.

"ಪಟ್ಟಿ ಯಾರು ಬೇಕಾದ್ರೂ ತಿದ್ದಬಹುದಾ?"

"ಇಲ್ಲ ಸಾರ್. ತಿದ್ದೋಕೆ ಹೋದ್ರೆ ಸ್ಕ್ರೀನ್ ಮಂಕಾಗುತ್ತೆ, ನಡುವೆ ಒಂದು ಚೌಕ ಬಂದು ಅನುಮತಿ ಕೇಳುತ್ತೆ. ಪಾಸ್‌ವರ್ಡ್ ಒತ್ತೋವರೆಗೂ ಬಿಡಲ್ಲ."

"ಪಾಸ್‌ವರ್ಡ್ ನಿಮ್ಮ ಹತ್ರ ಇದೆ ತಾನೇ?"

ಗೋವಿಂದಯ್ಯ ಕನ್ನಡಕ ತೆಗೆದು ಒರೆಸಿದರು. "ಹುಚ್ಚಯ್ಯನ ಹತ್ರ ಇದೆ. ನಮ್ಮ ಅಟೆಂಡರ್."

ಕಳೆದ ವರ್ಷ ಬಂದ ಈ ಹೊಸ ಕಂಪ್ಯೂಟರಿಗೆ ಅನುಮಾನ ಜಾಸ್ತಿ. ದಿನಕ್ಕೆ ನಲವತ್ತು ಸಲ ಕೇಳುತ್ತಿತ್ತು. ಊಟಕ್ಕೆ ಕೂತರೂ ಎದ್ದು ಬರಬೇಕು. ಗೋವಿಂದಯ್ಯ ಸೋತುಹೋದರು. ಆಫೀಸಿನ ಮೊಹರು, ಬೀರುವಿನ ಕೀಲಿ ಹೇಗೂ ಹುಚ್ಚಯ್ಯನ ಸುಪರ್ದಿಯಲ್ಲೇ ಇದ್ದವು. ಇದನ್ನೂ ಅವನಿಗೇ ವಹಿಸಿದರು. ಇಂಗ್ಲಿಷ್ ಅಕ್ಷರ ಬಾರದ ಅವನಿಗೆ ಒಂದು ವಾರ ಕೀಲಿಗಳ ಜಾಗ ತೋರಿಸಿ ರೂಢಿ ಮಾಡಿಸಿದರು. ಓದಲು ಬಾರದವನು ಯಾರಿಗೂ ಹೇಳಲಾರ ಎಂಬುದು ಅವರ ಲೆಕ್ಕ.

ಈಗ ಅದೇ ಅವನಿಗೆ ಮುಳುವಾಯಿತು. ಹುಚ್ಚಯ್ಯನ ಊರೂ ಸಾಲಿಗ್ರಾಮವೇ. ಅವನನ್ನು ಕೆಲಸದಿಂದ ತೆಗೆಯುವ ಕಾಗದ ಟೈಪಾಗಿ ರುಜುವಿಗೆ ಕಾದಿತ್ತು.

ಹುಣಸೂರಿನಿಂದ ಕಂಪ್ಯೂಟರ್ ರಿಪೇರಿಯ ರಘು ಬಂದ. ಪಂಚರ ಎದುರು ಅವನು ತೆಗೆದ ಮಾಹಿತಿಯನ್ನು ಪಂಚನಾಮೆಯಲ್ಲಿ ಬರೆದುಕೊಂಡರು: ರುಜುವಾದ ಮೇಲೆ ಪಟ್ಟಿ ತಿದ್ದಿದ್ದು ಒಂದೇ ಸಲ, ಮಾರ್ಚ್ 12, ಗುರುವಾರ, ಮಧ್ಯಾಹ್ನ 1-50.

"ಆ ಹೊತ್ತಲ್ಲಿ ಎಲ್ಲಿದ್ದೆ ಹುಚ್ಚಯ್ಯ?"

"ಗುರುವಾರ ಪೋಸ್ಟಾಪೀಸು ಸ್ವಾಮಿ. ರಿಜಿಸ್ಟರ್ ಟಪಾಲು."

ಹೆಡ್ ಕಾನ್‌ಸ್ಟೆಬಲ್ ದೇವರಾಜು ಟಪಾಲಿನ ರಸೀದಿ ಹುಡುಕಿ ತಂದರು. ಅದರ ಮೇಲೆ 1-47 ಎಂದಿತ್ತು. ಅಲ್ಲಿಂದ ಟ್ರಸ್ಟಿಗೆ ಇಪ್ಪತ್ತು ನಿಮಿಷದ ನಡಿಗೆ.

"ಒಂದ್ಸಲ ಒತ್ತಿ ತೋರಿಸು," ಎಂದರು ಶಿವಶಂಕರ.

ಹುಚ್ಚಯ್ಯ ತೋರುಬೆರಳು ಚಾಚಿದ. "ಮೇಗಲ ಸಾಲು, ಎಡದಿಂದ ಮೂರು. ಕೆಳಗಿನ ಸಾಲು, ಕೊನೆಯಿಂದ ಎರಡು. ನಡುಸಾಲು..." ಎಂಟು ಕೀಲಿಗಳನ್ನೂ ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದ.

"ದಿನಾ ಹಿಂಗೇ ಹೇಳ್ಕೊಂಡು ಒತ್ತುತೀಯಾ?"

"ಏಳ್ದೇ ಇದ್ರೆ ತಪ್ಪೋಯ್ತದೆ ಸ್ವಾಮಿ."

ಗೋವಿಂದಯ್ಯ ತಲೆ ತಗ್ಗಿಸಿದರು. ಕಂಪ್ಯೂಟರಿನ ಮುಂದೆ ದಿನವಿಡೀ ಕೂರುವವಳು ಆಪರೇಟರ್ ಪ್ರಮೀಳಾ. ಸೋಮವಾರದಿಂದ ಅವಳು ರಜೆಯಲ್ಲಿದ್ದಳು.

ಬುಧವಾರ ದೇವರಾಜು ಸಾಲಿಗ್ರಾಮಕ್ಕೆ ಹೋಗಿ ಬಂದರು. ರಾಮಮ್ಮನ ಮನೆಗೆ ಬೀಗ. "ಕೋಟೇಲಿ ಮಗಳ ಜೊತೆ ಅವ್ಳೆ ಕಣಪ್ಪ. ಮಗಳು ಅದೇನೋ ಕಂಪ್ಯೂಟ್ರು ಕೆಲ್ಸ," ಎಂದು ಪಕ್ಕದ ಮನೆಯಾಕೆ ಹೇಳಿದ್ದಳು.

ಮಾರ್ಚ್ 19, ಗುರುವಾರ, ಸಂಜೆ ನಾಲ್ಕು. ಮಹಿಳಾ ಪೇದೆ ಬೃಂದಾ ಜೊತೆಗೆ ಶಿವಶಂಕರ ಕೋಟೆ ಪಟ್ಟಣದ ಆ ಮಗಳ ಮನೆಯ ಬಾಗಿಲು ತಟ್ಟಿದರು. ತೆರೆದ ಪ್ರಮೀಳಾ ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಮೂರು ಸಲ ಅರ್ಜಿ ಕೊಟ್ಟೆ ಸಾರ್. ಸಿಬ್ಬಂದಿ ಮನೆಯವ್ರಿಗೆ ಇಲ್ಲ ಅಂದ್ರು. ನಾಲ್ಕು ವರ್ಷದಿಂದ ಊರೋರ ಹೆಸರೆಲ್ಲ ನಾನೇ ಟೈಪ್ ಮಾಡ್ತಿದ್ದೀನಿ. ನಮ್ಮವ್ವ ಗೋಡೆ ಹಿಡ್ಕೊಂಡು ಓಡಾಡ್ತಿದ್ರು."

"ಜವರಯ್ಯನ ಹೆಸರೇ ಯಾಕೆ?"

"ಬೇಗೂರು ದೂರ. ಫೋನ್ ನಂಬರೂ ಇರ್ಲಿಲ್ಲ. ಅಲ್ಲಿಂದ ಕೇಳೋಕೆ ಯಾರು ಬತ್ತಾರೆ ಅನ್ಕೊಂಡೆ."

"ಬಂದ್ರು ಕಣಮ್ಮ. ದಾರಿಲಿ ಅವರಿವರ ಕೈ ಹಿಡ್ಕೊಂಡು ಬಂದ್ರು," ಎಂದರು ಶಿವಶಂಕರ. ಗದರಬೇಕೆಂದಿದ್ದರು, ದನಿ ಏಳಲಿಲ್ಲ. ಏಪ್ರಿಲ್ ಪಟ್ಟಿಯಲ್ಲಿ ಜವರಯ್ಯನದೇ ಮೊದಲ ಹೆಸರು ಎಂದು ಗೋವಿಂದಯ್ಯ ಬರೆದುಕೊಟ್ಟಿದ್ದರು. ಅದನ್ನು ಹೇಳಿದಾಗ ಪ್ರಮೀಳಾ ಮೊದಲ ಸಲ ಅತ್ತಳು.

ಮಂಚದ ಮೇಲೆ ರಾಮಮ್ಮ ಕೂತಿದ್ದಳು. ಕಣ್ಣಿಗೆ ಕಟ್ಟಿದ್ದ ಬ್ಯಾಂಡೇಜು ಬಿಚ್ಚಿ ಒಂದು ದಿನವಾಗಿತ್ತು. ಬಂದವರ ಕಡೆ ಅವಳ ಗಮನವೇ ಇರಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು. "ಯಾವಾಗ ಇಷ್ಟು ಸೊರಗೋದೆ ಕಣವ್ವ?" ಎಂದು ಕೇಳಿದಳು.

ಬಂಧನದ ಮೆಮೊಗೆ ಮನೆಯವರೊಬ್ಬರ ಸಹಿ ಬೇಕು. ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತನ್ನ ಕೆಲಸದ ಮೇಲೆ ಶಿವಶಂಕರ ಅವರಿಗೆ ಅಷ್ಟು ಅಸಹ್ಯ ಹಿಂದೆ ಹುಟ್ಟಿರಲಿಲ್ಲ. ಆದರೂ 4-35 ಎಂದು ಹೊತ್ತು ಬರೆದು ಕಾಗದ ಚಾಚಿದರು.

ರಾಮಮ್ಮನಿಗೆ ನಾಲ್ಕನೇ ಕ್ಲಾಸಿನ ಓದಿತ್ತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟೋ ದಿನದ ಮೇಲೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

"ಇದ್ರಲ್ಲಿ ನಿನ್ ಎಸ್ರು ಅದೆಯಲ್ಲವ್ವಾ," ಎಂದಳು.