ಡ್ರಮ್ಮರ್ ಜಾಗದ ಪೆಟ್ಟಿಗೆ

ಶನಿವಾರ ಬೆಳಿಗ್ಗೆ 10:20ಕ್ಕೆ ದೂರು ಠಾಣೆಗೆ ಬಂತು. ತಂದವಳು ಬಡಾವಣೆಯ ಸಣ್ಣ ಬ್ಯಾಂಡೊಂದರ ಹಾಡುಗಾರ್ತಿ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಲಾಂಡ್ರಿಯ ಹಿಂದಿನ ಶೆಡ್ಡಿನಲ್ಲಿ ತಾವು ಅಭ್ಯಾಸ ಮಾಡುವುದಾಗಿಯೂ, ನಿನ್ನೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಗುಂಡಿ ಒತ್ತಿದರೆ ತಾನೇ ತಾಳ ಬಾರಿಸುವ ಡ್ರಮ್ ಮಷೀನನ್ನು ಯಾರೋ ಒಯ್ದರೆಂದೂ ಹೇಳಿದಳು. ನಾಳೆ ಸಂಜೆ ಐದಕ್ಕೆ ಪಾರ್ಕಿನಲ್ಲಿ ಅವರ ಕಾರ್ಯಕ್ರಮ.

ಇನ್ಸ್‌ಪೆಕ್ಟರಿಗೆ ಸಂಗೀತ ಅಷ್ಟಕ್ಕಷ್ಟೇ. ಡ್ರಮ್ ಬಾರಿಸಲು ಮನುಷ್ಯರಿಲ್ಲವೇ ಎಂದು ಆಕೆ ಕೇಳಿದರು. ಇದ್ದಾರೆ, ನನ್ನ ಸೋದರಮಾವ, ಎಂದ ಹುಡುಗಿ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಎಫ್‌ಐಆರ್ ದಾಖಲಾಯಿತು.

11:15ಕ್ಕೆ ಸ್ಥಳ ಪರಿಶೀಲನೆ. ಜೊತೆಗೆ ಹೋದ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಶೆಡ್ಡಿನ ಗೋಡೆಗಳಿಗೆ ಮೊಟ್ಟೆ ಟ್ರೇ ಅಂಟಿಸಿದ್ದರು. ದುಬಾರಿ ಕೀಬೋರ್ಡ್ ಇದ್ದಲ್ಲೇ ಇತ್ತು, ಬೀಗ ಮುರಿದಿರಲಿಲ್ಲ. ಕೀಲಿಕೈ ತೂತಿನ ಸುತ್ತ ಮಾತ್ರ ಹೊಸ ಗೀರುಗಳು.

"ಕುಡಿದೋನ ಕೆಲಸ ಮೇಡಂ. ತೂತೇ ಸಿಕ್ಕಿಲ್ಲ ಅವನಿಗೆ," ಎಂದ ಮೀಸೆ.

ಕುಡಿದವನಾದರೆ ವೈರುಗಳನ್ನು ಅಷ್ಟು ಮುತುವರ್ಜಿಯಿಂದ ಸುರುಳಿ ಸುತ್ತಿಟ್ಟು ಹೋಗುತ್ತಾನೆಯೇ? ಇನ್ಸ್‌ಪೆಕ್ಟರಿಗೆ ಅದು ಸರಿಹೋಗಲಿಲ್ಲ. ಬೀಗಕ್ಕಿದ್ದದ್ದು ಮೂರು ಕೀಲಿಕೈ. ಒಂದು ಹುಡುಗಿಯದು, ಇನ್ನೊಂದು ಕೀಬೋರ್ಡ್ ನುಡಿಸುವವನದು. ಅವನು ನಿನ್ನೆ ಸಂಜೆ ಆರರವರೆಗೂ ಕನ್ನಡಕದ ಅಂಗಡಿಯಲ್ಲಿ ಕೆಲಸದಲ್ಲಿದ್ದನೆಂದು ಮಾಲೀಕರೇ ಹೇಳಿದರು. ಉಳಿದದ್ದು ಸೋದರಮಾವನದು.

12:40ಕ್ಕೆ ಅವರ ಕೋಣೆಯಲ್ಲಿ ವಿಚಾರಣೆ. ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್; ತಂಗಿಯ ಮಗಳಿಗೆ ಊಟದ ಡಬ್ಬಿಯ ಮೇಲೆ ತಾಳ ಹಾಕಿ ಹಾಡು ಕಲಿಸಿದವರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಮಂಚದ ಮೇಲೆ ಕುಳಿತಿದ್ದರು.

"ನಿನ್ನೆ ಎರಡು ಗಂಟೆಗೆ ಎಲ್ಲಿದ್ರಿ?"

"ಮನೇಲೇ."

"ಯಾರಾದ್ರೂ ನೋಡಿದ್ರಾ?"

"ಇಲ್ಲ."

ಮೀಸೆ ಹೇಳಿಕೆ ಬರೆದುಕೊಂಡು ಪೆನ್ನು ಚಾಚಿದ. ಆಮೇಲೆ ಸಹಿ ಹಾಕುತ್ತೇನೆ ಎಂದರು ಮಾವ. ಮೀಸೆ ಚಾಚಿದ ಪೆನ್ನು ಹಿಂತೆಗೆಯಲಿಲ್ಲ. ಕೊನೆಗೆ ಅವರು ಕೈ ಹೊರತೆಗೆದಾಗ ಅದು ಗಡಗಡ ನಡುಗುತ್ತಿತ್ತು. ಇನ್ಸ್‌ಪೆಕ್ಟರಿಗೆ ಬೀಗದ ಗೀರುಗಳ ಅರ್ಥವಾಯಿತು, ಅರ್ಥವಾದದ್ದಕ್ಕೆ ಸಂತೋಷವಾಗಲಿಲ್ಲ.

"ಎಷ್ಟು ದಿನದಿಂದ?" ಎಂದು ಮೆಲ್ಲಗೆ ಕೇಳಿದರು.

"ಎಂಟು ತಿಂಗಳು. ಅವಳಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಹೋದ ವಾರ ಆ ಪೆಟ್ಟಿಗೆ ತಂದು ನನ್ನ ಸ್ಟೂಲ್ ಪಕ್ಕ ಇಟ್ಲು. ಏನೂ ಹೇಳ್ಲಿಲ್ಲ. ಇನ್ನು ಹೇಳೋದೇನಿದೆ?"

ತಾವೇ ಎದ್ದು ಬೀರು ತೆರೆದರು. ಕಂಬಳಿಯಲ್ಲಿ ಸುತ್ತಿಟ್ಟ ಮಷೀನು ಅಲ್ಲಿತ್ತು. ಅವರು ಅದನ್ನು ಒಮ್ಮೆಯೂ ಚಾಲೂ ಮಾಡಿ ನೋಡಿರಲಿಲ್ಲ.

1:30ಕ್ಕೆ ಪಂಚನಾಮೆ. ಅಕ್ಕಪಕ್ಕದ ಇಬ್ಬರು ಪಂಚರಾದರು. ವಸ್ತು ಗುರುತಿಸಲು ಹುಡುಗಿಯನ್ನು ಕರೆಸಲಾಯಿತು. ಅವಳು ಮಾವನ ಮುಖ ನೋಡಿದಳು, ಬೀರು ನೋಡಿದಳು, ಗೋಡೆಗೆ ಒರಗಿದಳು. ಮಷೀನು ಸುಸ್ಥಿತಿಯಲ್ಲಿದೆಯೇ ಎಂದು ನೋಡಬೇಕಿತ್ತು. ಬ್ಯಾಟರಿ, ಸ್ಪೀಕರು ಅದರೊಳಗೇ ಇದ್ದವು. ಇನ್ಸ್‌ಪೆಕ್ಟರ್ ಎರಡು ಸಲ ಹೇಳಿದ ಮೇಲೆ ಅವಳು ಗುಂಡಿ ಒತ್ತಿದಳು.

ಕೋಣೆ ತುಂಬ ಡ್ರಮ್ಮಿನ ಸದ್ದು. ಪ್ರತಿ ಸುತ್ತಿನ ಕೊನೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಮಾವ ತಲೆ ಎತ್ತಿದರು.

"ಇದು ನನ್ನ ಕೈ."

"ನಿಮ್ಮದೇ ಮಾವ. ಹಳೇ ರೆಕಾರ್ಡಿಂಗಿಂದ ಒಂದೊಂದೇ ಪೆಟ್ಟು ತೆಗೆದು ತುಂಬಿಸಿದೀನಿ. ಕೈ ಮಾತು ಕೇಳದ ದಿನ ಇದು ಬಾರಿಸ್ಲಿ, ನೀವು ಅಲ್ಲೇ ಕೂತಿರಿ ಅಂತ. ನಿಮ್ಮ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ."

ಮೀಸೆ ಬರೆಯುವುದನ್ನೇ ಮರೆತ. ಪಂಚರಲ್ಲೊಬ್ಬರು ಕಿಟಕಿಯಾಚೆ ನೋಡತೊಡಗಿದರು. ಮಾವ ಅಳುತ್ತಿದ್ದರು, ಅಳುತ್ತಲೇ ನಡುಗುವ ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದರು.

ದೂರು ವಾಪಸ್ ಪಡೆಯುತ್ತೇನೆಂದು ಹುಡುಗಿ ಗೋಗರೆದಳು. ಎಫ್‌ಐಆರ್ ಆಗಿದೆ, ಇನ್ನೇನಿದ್ದರೂ ಕೋರ್ಟಿನಲ್ಲಿ ಎಂದರು ಇನ್ಸ್‌ಪೆಕ್ಟರ್. 2:10ಕ್ಕೆ ಬಂಧನ ದಾಖಲಾಯಿತು. ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಆಕೆ 'ಸೋದರಸೊಸೆಯ ಪಕ್ಕದ ತನ್ನ ಜಾಗ ಹೋಗುವುದೆಂಬ ಭಯ' ಎಂದು ಬರೆದರು. ಮುಚ್ಚಳಿಕೆ ಬರೆಸಿಕೊಂಡು ಮಷೀನನ್ನು ಹುಡುಗಿಯ ಸುಪರ್ದಿಗೆ ಕೊಟ್ಟರು.

ಠಾಣೆಯಲ್ಲೇ ಜಾಮೀನು. ದೂರು ಕೊಟ್ಟವಳೇ ಜಾಮೀನುದಾರಳಾಗಿ ನಿಂತದ್ದು ಮೀಸೆಯ ಸರ್ವೀಸಿನಲ್ಲೇ ಮೊದಲು. ಅವನು ಫಾರಂ ತುಂಬುತ್ತ ಬಂದ.

"ಆರೋಪಿಗೂ ನಿಮಗೂ ಏನಮ್ಮಾ ಸಂಬಂಧ?"

"ನಮ್ಮ ಡ್ರಮ್ಮರ್," ಎಂದಳು ಹುಡುಗಿ.

ಮೀಸೆ ಪೆನ್ನು ಎತ್ತಿ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಹಾಗೇ ಬರ್ಕೊಳ್ರಿ," ಎಂದರು ಆಕೆ.