ಅಜ್ಜಿಯ ನಲವತ್ತೆಂಟು ಅಂಕಿಗಳು

"ಎಲ್ಲಾ ಅಳಿಸಿಬಿಡ್ಲಾ ಅಜ್ಜಿ? ಆಮೇಲೆ ಹೊಸದರ ಥರ ಓಡುತ್ತೆ" ಎಂದರು ರಿಪೇರಿ ಅಂಗಡಿಯ ಅಂಕಲ್.

ಅಜ್ಜಿ ಸರಕ್ಕನೆ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡಪ್ಪಾ ಬೇಡ! ಆರು ತಿಂಗಳು ಕೂತು ಬರೆದದ್ದೆಲ್ಲ ಇದರಲ್ಲೇ ಇದೆ."

"ಪಾಸ್‌ವರ್ಡ್ ಇಲ್ದೆ ಇದು ಬಾಯಿ ಬಿಡಲ್ಲ. ನಾನು ಬಿಚ್ಚಿ ನೋಡಿದರೂ ತಲೆಬುಡ ಅರ್ಥವಾಗದ ಅಕ್ಷರಗಳೇ ಸಿಗೋದು. ರಿಕವರಿ ಕೀ ಇದ್ದರೆ ಮಾತ್ರ ತೆಗೀಬಹುದು. ನಲವತ್ತೆಂಟು ಅಂಕಿ. ಬೀಗ ಹಾಕಿದ ದಿನ ನಿಮ್ಮ ಕೈಯಲ್ಲೇ ಬರೆಸಿದ್ದೆನಲ್ಲ?"

"ಚೀಟಿ ಮೇಲೆ ಬರ್ಕೊಂಡೆ. ಮನೇಲಿ ಅದನ್ನ ಎಲ್ಲೋ ಇಳಿಸಿಕೊಂಡು ಚೀಟಿ ಹರಿದು ಹಾಕಿದೆ." ಅಜ್ಜಿ ಹಣೆ ಉಜ್ಜಿಕೊಂಡಳು. "ಎಲ್ಲಿ ಇಳಿಸಿಕೊಂಡೆ ಅನ್ನೋದೇ ನೆನಪಿಗೆ ಬರ್ತಿಲ್ಲ."

"ಯಾಕಜ್ಜಿ ಬೀಗ ಹಾಕಿಸಿದೆ?" ಕೇಳಿದಳು ಚೂಟಿ, ಐದನೇ ಕ್ಲಾಸಿನ ಮೊಮ್ಮಗಳು.

ಅಜ್ಜಿ ಕೇಳಿಸದವಳಂತೆ ಬ್ಯಾಗಿನ ಜಿಪ್ ಎಳೆಯತೊಡಗಿದಳು. ಉತ್ತರ ಕೊಟ್ಟದ್ದು ಅಂಕಲ್. "ಮನೇಲಿ ಯಾರೂ ಓದಬಾರದು ಅಂದಿದ್ರು. ಎರಡು ತಿಂಗಳಾಯ್ತು, ಅಲ್ವಾ ಅಜ್ಜಿ?"

ಚೂಟಿಗೆ ಆ ದಿನ ನೆನಪಾಯಿತು.

ಎರಡು ತಿಂಗಳ ಹಿಂದೆ ಅಮ್ಮನ ಆಫೀಸಿನವರು ಮನೆಗೆ ಬಂದಿದ್ದರು. ನಾಲ್ಕು ಜನ ಸೇರಿದರೆ ಚೂಟಿಗೆ ಸುಮ್ಮನಿರಲು ಬರುತ್ತದೆಯೇ? ತೆರೆದಿದ್ದ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, ಅಜ್ಜಿ ಬರೆದದ್ದನ್ನು ಅಜ್ಜಿಯ ದನಿಯಲ್ಲೇ ಎಳೆದೆಳೆದು ಓದಿದ್ದಳು. "ಕೆಲಸಕ್ಕೆ ಸೇರಿದ ಮೊದಲ ದಿನ ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ..." ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಜ್ಜಿಯೂ ನಕ್ಕಿದ್ದಳು.

ಬಸ್ಸಿನಲ್ಲಿ ಚೂಟಿ ಮೆಲ್ಲಗೆ ಕೇಳಿದಳು. "ಅಜ್ಜಿ, ಬೀಗ ಹಾಕಿಸಿದ್ದು ನನ್ನಿಂದಾನಾ?"

"ಮರೆತಿದ್ದು ನಾನು ತಾನೇ? ಕಣ್ಣಿನ ಆಪರೇಷನ್ ಆಯ್ತು. ಒಂದೂವರೆ ತಿಂಗಳು ಸ್ಕ್ರೀನ್ ನೋಡಬೇಡಿ ಅಂದ್ರು ಡಾಕ್ಟರು. ಅಷ್ಟರಲ್ಲಿ ಪಾಸ್‌ವರ್ಡು ತಲೆಯಿಂದ ಹಾರಿಹೋಯ್ತು."

ಅದು ಚೂಟಿ ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

ಮನೆಗೆ ಬಂದವಳೇ ಚೂಟಿ ಮನೆಯನ್ನು ತಲೆಕೆಳಗು ಮಾಡಿದಳು. ಔಷಧಿ ಡಬ್ಬಿ, ಹೊಲಿಗೆ ಡಬ್ಬಿ, ದಿಂಬಿನ ಕವರು, ಕ್ಯಾಲೆಂಡರಿನ ಹಿಂಬದಿ, ಯಾವುದನ್ನೂ ಬಿಡಲಿಲ್ಲ. ಕಳೆದ ವರ್ಷ ಕಳೆದುಹೋದ ಎರೇಸರ್ ಸಿಕ್ಕಿತು. ನಲವತ್ತೆಂಟು ಅಂಕಿ ಸಿಗಲಿಲ್ಲ.

ಕೊನೆಗೆ ಅಜ್ಜಿಯ ಫೋನ್ ನಂಬರಿನ ಪುಸ್ತಕ ಕೈಗೆ ಬಂತು. ಪುಟದ ಅಂಚಿನಲ್ಲಿ ಅ, ಆ, ಇ, ಈ ಎಂದು ಒಂದೊಂದೇ ಅಕ್ಷರ. ಅಲ್ಲಲ್ಲಿ ತೆರೆದು ನೋಡಿದರೆ ಎಲ್ಲ ಹತ್ತು ಅಂಕಿಯ ನಂಬರುಗಳು. ಆದರೆ 'ಉ' ಪುಟದಲ್ಲಿ ಒಂದು ಬೇರೆಯದೇ ಥರ ಇತ್ತು.

"ಅಜ್ಜೀ, ಉದ್ದಜಡೆ ಅಂದ್ರೆ ಯಾರು?"

"ನನ್ನ ಜೊತೆ ಕೆಲಸ ಮಾಡ್ತಿದ್ದೋಳಿಗೆ ನಾವಿಟ್ಟ ಅಡ್ಡಹೆಸರು." ಅಜ್ಜಿ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಯಾರಾದರೂ ಫೋನೆತ್ತಿ ನಂಬರ್ ಹೇಳಿದರೆ, ಬೋರ್ಡಿಗೆ ವೈರು ಚುಚ್ಚಿ ಲೈನು ಸೇರಿಸುವ ಕೆಲಸ.

"ಇವರ ನಂಬರಿಗೆ ಆರೇ ಅಂಕಿ!"

"ಆಗೆಲ್ಲ ನಂಬರಿಗೆ ಆರೇ ಅಂಕಿ ಇದ್ದದ್ದು." ಅಜ್ಜಿ ಪುಸ್ತಕವನ್ನು ಕಣ್ಣಿನ ಹತ್ತಿರ ತಂದಳು. ಹುಬ್ಬು ಗಂಟಿಕ್ಕಿತು. "ಆದ್ರೆ ಉದ್ದಜಡೆ ಮನೇಲಿ ಫೋನೇ ಇರಲಿಲ್ಲ ಕಣೇ! ಊರಿಗೆಲ್ಲ ಲೈನ್ ಕೊಡ್ತಿದ್ವಿ, ನಮ್ಮ ಮನೆಗಳಲ್ಲಿ ಫೋನ್ ಇರಲಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಜ್ಜಿ, ಬೋರ್ಡ್ ಮುಂದೆ ನೀವು ಎಷ್ಟು ಜನ ಕೂರ್ತಿದ್ರಿ?"

"ಎಂಟು."

"ಆರೆಂಟ್ಲ ನಲವತ್ತೆಂಟು!" ಚೂಟಿ ಕಿರುಚಿದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಯಾರ ಕಣ್ಣಿಗೂ ಬೀಳಬಾರದು ಅಂತ ಗೆಳತಿಯರ ಹತ್ರ ಬಚ್ಚಿಟ್ಟು ನಾನೇ ಮರೆತೆನಲ್ಲ!"

ಚೂಟಿ ಪುಟಪುಟ ತಿರುವಿದಳು. ಅವಸರ, ಉದ್ದಜಡೆ, ಗೊರಕೆ, ದೊಡ್ಡಕ್ಕ, ಪಿಸುಮಾತು, ಬಿಕ್ಕಳಿಕೆ, ಸೀನು. ಒಬ್ಬೊಬ್ಬರೂ ಅವರವರ ಅಕ್ಷರದ ಪುಟದಲ್ಲೇ ಇದ್ದರು. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳಿಗೆ ನಂಬರನ್ನು ಬೇರೆ ಥರ ಬರೆದಿಡಲು ಕೈಯೇ ಬರುವುದಿಲ್ಲ.

ಚೂಟಿಯ ಮುಖ ಸಣ್ಣದಾಯಿತು. "ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಗೆ ಗೊತ್ತಾಗುತ್ತೆ?"

ಅಜ್ಜಿ ಕಣ್ಣು ಮುಚ್ಚಿಕೊಂಡಳು. ಬೆಳಗ್ಗೆ ತಿಂದದ್ದನ್ನು ಮಧ್ಯಾಹ್ನಕ್ಕೆ ಮರೆಯುವ ಅಜ್ಜಿ.

"ನಾವು ಕೂರ್ತಿದ್ದ ಸಾಲಿನಲ್ಲೇ ಹಂಚಿರ್ತೀನಿ. ಕಿಟಕಿ ಪಕ್ಕ ಗೊರಕೆ. ಅವಳಿಗೆ ಗಾಳಿ ಬೇಕಿತ್ತು. ಆಮೇಲೆ ಉದ್ದಜಡೆ. ಒಂದ್ಸಲ ಅವಳ ಜಡೆ ವೈರಿಗೆ ಸಿಕ್ಕಿ, ಪೊಲೀಸ್ ಸ್ಟೇಷನ್ನಿನ ಲೈನು ಹೂವಿನ ಅಂಗಡಿಗೆ ಹೋಗಿತ್ತು!" ಅಜ್ಜಿ ಒಬ್ಬಳೇ ನಕ್ಕಳು. "ಆಮೇಲೆ ಬಿಕ್ಕಳಿಕೆ. ಪಿಸುಮಾತು. ಆಮೇಲೆ ನಾನು. ನನ್ನ ಪಕ್ಕ ಅವಸರ, ಸೀನು. ಬಾಗಿಲ ಹತ್ರ ದೊಡ್ಡಕ್ಕ."

ಒಂದು ಸಲವೂ ತಡವರಿಸಲಿಲ್ಲ. ಚೂಟಿ ಬಾಯಿ ತೆರೆದುಕೊಂಡು ಕೂತಿದ್ದಳು. ಆಮೇಲೆ ಬೆರಳು ಮಡಿಸಿ ಎಣಿಸಿದಳು.

"ಪುಸ್ತಕದಲ್ಲಿ ಏಳೇ ಇದೆ. ನಿಂದೆಲ್ಲಿ?"

'ಅಜ್ಜಿ' ಎಂದು 'ಅ' ಪುಟದಲ್ಲಿ ಹುಡುಕಿದರೆ ಇಲ್ಲ. 'ನ' ಪುಟದಲ್ಲಿತ್ತು. 'ನಾನು' ಎಂದು ಬರೆದು, ಮುಂದೆ ಆರು ಅಂಕಿ.

ಚೂಟಿ ಓದಿದಳು, ಅಜ್ಜಿ ಒತ್ತಿದಳು. ನಲವತ್ತೆಂಟನೆಯ ಅಂಕಿಗೆ ಇಬ್ಬರೂ ಉಸಿರು ಬಿಗಿಹಿಡಿದರು. ಸ್ಕ್ರೀನು ಒಂದು ಕ್ಷಣ ಕಪ್ಪಾಯಿತು. ಆಮೇಲೆ ಬೆಳಗಿತು.

ಅಜ್ಜಿ ಬರೆದದ್ದೆಲ್ಲ ಹಾಗೇ ಇತ್ತು. ಅಜ್ಜಿಯ ಕಣ್ಣು ತುಂಬಿ ಬಂತು. ಚೂಟಿಯ ಕಣ್ಣು ಮಾತ್ರ ಅಭ್ಯಾಸಬಲದಿಂದ ಮೊದಲನೇ ಸಾಲಿನ ಮೇಲೆ ಓಡತೊಡಗಿತು. ಅವಳು ನೋಟವನ್ನು ಎಳೆದು ತಂದು ಕಿಟಕಿಯ ಕಡೆ ತಿರುಗಿಸಿದಳು.

"ಸಾರಿ ಅಜ್ಜಿ. ಅವತ್ತು ಎಲ್ಲರ ಮುಂದೆ ಓದಿದ್ದಕ್ಕೆ. ನೀನೂ ನಕ್ಕೆ, ಅದಕ್ಕೆ ಪರವಾಗಿಲ್ಲ ಅಂದ್ಕೊಂಡೆ."

"ಎಲ್ಲರೂ ನಗ್ತಿರೋವಾಗ ನಾನೊಬ್ಬಳೇ ಹೇಗೆ ಅಳಲಿ, ಹೇಳು?" ಎಂದಳು ಅಜ್ಜಿ.

ಅಜ್ಜಿ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು.

ಹೊಸ ಪಾಸ್‌ವರ್ಡ್ ಹಾಕುವಾಗ ಚೂಟಿ ತಾನಾಗಿಯೇ ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಅಜ್ಜಿ ಒಂದೇ ಬೆರಳಿನಲ್ಲಿ ಟೈಪ್ ಮಾಡಲು ಶುರು ಮಾಡಿದಳು. ಒಂದು ಅಕ್ಷರ ಒತ್ತಿ, ಮುಂದಿನದನ್ನು ಹುಡುಕಿ, ಅದನ್ನು ಒತ್ತುವಷ್ಟರಲ್ಲಿ ಚೂಟಿಯಾಗಿದ್ದರೆ ಒಂದು ಸಾಲು ಮುಗಿಸುತ್ತಿದ್ದಳು. 'ನಾನು ಟೈಪ್ ಮಾಡ್ಕೊಡ್ಲಾ?' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಅಜ್ಜಿಯ ಕಣ್ಣಿಗೆ ಬಿಸಿಲು ಬೀಳದಂತೆ ಪರದೆ ಎಳೆದು, ಹೊರಗೆ ಬಂದು ಬಾಗಿಲು ಮುಚ್ಚಿದಳು.

ಸಂಜೆ ಅಮ್ಮ ಆಫೀಸಿನಿಂದ ಬಂದಳು. "ಅಜ್ಜಿ ಎಲ್ಲೇ?"

"ಶ್! ಬರೀತಿದ್ದಾಳೆ."

"ಹೌದಾ! ಓಪನ್ ಆಯ್ತಾ? ಏನು ಬರೀತಿದ್ದಾರೆ?" ಅಮ್ಮ ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ ಚೂಟಿ ಅಡ್ಡ ಬಂದು ನಿಂತಳು.

"ನಂಗೊತ್ತಿಲ್ಲ" ಎಂದಳು, ಮನೆಯ ಸುದ್ದಿಯೆಲ್ಲ ಎಲ್ಲರಿಗಿಂತ ಮೊದಲು ಗೊತ್ತಿರುವ ಚೂಟಿ.